ಬಲದಿಂದ ತೆರೆಯುವ ಪುಸ್ತಕ

"ಚಿತ್ರದಲ್ಲಿ ಏನಿದೆ ಹೇಳು," ಎಂದರು ಲುವಾನ್ ಟೀಚರ್.

ನಾನು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. "ಒಬ್ಬಳು ಹುಡುಗಿ ಬೇಜಾರಲ್ಲಿ ಕೂತಿದಾಳೆ."

"ಬೇಜಾರು ಎಲ್ಲಿದೆ? ಮೂಗಿನ ಮೇಲಿದೆಯೋ, ಮೊಣಕಾಲ ಮೇಲಿದೆಯೋ?"

ನಾನು ಮತ್ತೆ ಚಿತ್ರದ ಮೇಲೆ ಬಗ್ಗಿದೆ.

"ಬೇಜಾರು ನಾನು ಮಾಡ್ಕೋತೀನಮ್ಮ. ನೀನು ಇರೋದನ್ನ ಹೇಳು. ಕೈ ಎಲ್ಲಿದೆ, ಕಾಲು ಎಲ್ಲಿದೆ, ಚಪ್ಪಲಿ ಹಾಕಿದಾಳಾ ಇಲ್ವಾ."

"ಒಂದು ಕಾಲಲ್ಲಿ ಚಪ್ಪಲಿ ಇದೆ. ಇನ್ನೊಂದು ರಸ್ತೆ ಮೇಲೆ ಮಗುಚಿ ಬಿದ್ದಿದೆ. ಬಸ್ ಸ್ಟಾಪಿನ ಕಂಬಕ್ಕೆ ಒರಗಿ ಕೂತಿದಾಳೆ. ಗಲ್ಲ ಮೊಣಕಾಲಿಗೆ ಅಂಟಿದೆ."

"ಹಾಂ, ಈಗ ಕಂಡ್ತು. ಚಪ್ಪಲಿ ಅವಳೇ ಎಸೆದದ್ದು."

ನನಗೆ ಹೊಳೆದಿರಲಿಲ್ಲ. ಮತ್ತೆ ನೋಡಿದೆ. ಹೌದು, ಬರಿಗಾಲಿನ ಬೆರಳುಗಳು ಇನ್ನೂ ಮಡಚಿಕೊಂಡೇ ಇದ್ದವು.

ಚೀನಾದ ಕಡಲತೀರದ ದಾಲ್ಯಾನ್ ಪಟ್ಟಣದಲ್ಲಿ ಚಿಕ್ಕ ಮಕ್ಕಳಿರುವ ಮನೆಗಳಿಗೆಲ್ಲ ಲುವಾನ್ ಟೀಚರ್ ಹೆಸರು ಗೊತ್ತು. ಜಪಾನಿನ ಚಿತ್ರಪುಸ್ತಕಗಳನ್ನು ಚೀನೀ ಭಾಷೆಗೆ ತರುವುದರಲ್ಲೇ ಅವರ ಆಯಸ್ಸು ಕಳೆದಿತ್ತು. ಈಗ ಅವರ ಕಣ್ಣಿನ ನಡುಭಾಗ ಸವೆದುಹೋಗಿ ಅಂಚು ಮಾತ್ರ ಉಳಿದಿತ್ತು. ಅಕ್ಷರವನ್ನು ಅಂಗೈಯಷ್ಟು ದೊಡ್ಡದು ಮಾಡಿ ತೋರಿಸುವ ಒಂದು ಯಂತ್ರವಿತ್ತು; ಅದರ ಮುಂದೆ ಕತ್ತು ಓರೆ ಮಾಡಿ ಕೂತು ಒಂದೊಂದೇ ಅಕ್ಷರ ಹೆಕ್ಕಿ ಓದುತ್ತಿದ್ದರು. ಚಿತ್ರವನ್ನು ಹಾಗೆ ಹೆಕ್ಕಲಾಗುವುದಿಲ್ಲ. ಅದಕ್ಕೆ ನಾನು ಬಂದದ್ದು.

ನಾನು ಶಾಲೆಯನ್ನು ಅರ್ಧಕ್ಕೆ ಬಿಟ್ಟು ಅಮ್ಮನ ಜೊತೆ ಸಂತೆಯಲ್ಲಿ ಕಡಲ ಸಿಂಪಿಗಳ ಚಿಪ್ಪು ಬಿಡಿಸುತ್ತಿದ್ದವಳು. ಗಿರಾಕಿ ಬೆಲೆ ಕೇಳಿದರೆ ಬೆರಳು ತೋರಿಸುತ್ತಿದ್ದೆ. "ಇವಳಿಗಿಂತ ಸಿಂಪಿಗಳೇ ವಾಸಿ, ಬಿಸಿ ತಾಗಿದ್ರೆ ಬಾಯಾದ್ರೂ ಬಿಡ್ತವೆ," ಎಂದು ಅಮ್ಮ ಅಕ್ಕಪಕ್ಕದ ಅಂಗಡಿಯವರನ್ನು ನಗಿಸುತ್ತಿದ್ದಳು. ಟೀಚರ್ ನಮ್ಮಲ್ಲಿ ಹಳೆಯ ಗಿರಾಕಿ. ಒಂದು ಬೆಳಗ್ಗೆ ಹತ್ತಿರ ಬಂದು, "ಪಿಂಗ್, ಆ ಬುಟ್ಟಿಯಲ್ಲಿರೋದು ಹೇಗಿವೆ?" ಎಂದು ಕೇಳಿದರು. "ಮೇಲಿನವು ದೊಡ್ಡವು, ಕೆಳಗಿನವು ಸಣ್ಣವು. ಅಂಚಿನಲ್ಲಿ ಎರಡು ಬಾಯಿ ತೆರೆದು ಸತ್ತಿವೆ, ಅವು ಬೇಡ," ಎಂದೆ. ಅಮ್ಮ ನನ್ನ ತೊಡೆ ಚಿವುಟಿದಳು. ಟೀಚರ್ ಮಾತ್ರ ಮರುದಿನವೇ ನನ್ನನ್ನು ಕೇಳಿಕೊಂಡು ಬಂದರು.

ನಾನು ಸೇರಿದ ವಾರವೇ ಪ್ರಕಾಶನದಿಂದ ಯಾನ್ ಅಕ್ಕ ಬಂದರು. ಟೀಚರ್ ಪುಸ್ತಕಗಳನ್ನು ನೋಡಿಕೊಳ್ಳುವ ಸಂಪಾದಕಿ ಅವರು. ಕೈಯಲ್ಲಿ ಚೆರ್ರಿ ಹಣ್ಣಿನ ಪೆಟ್ಟಿಗೆ.

"ಹಣ್ಣಿನ ವಾಸನೆ ಬರ್ತಿದೆ," ಎಂದರು ಟೀಚರ್. "ಹಾಗಾದ್ರೆ ಸುದ್ದಿ ಒಳ್ಳೇದಲ್ಲ."

ಯಾನ್ ಅಕ್ಕ ನಕ್ಕರು, ಆದರೆ ಚಪ್ಪಲಿ ಕಳಚುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. "ಹೋದ ಪುಸ್ತಕದ ವಿಷ್ಯ ಟೀಚರ್. ಚಿತ್ರದಲ್ಲಿ ಲಾಟೀನು ಇತ್ತು, ನಾವು ಬೆಳದಿಂಗಳು ಅಂತ ಬರ್ದುಬಿಟ್ಟಿದ್ವಿ. ಓದಿದವರು ದೂರು ಬರೀತಾನೇ ಇದಾರೆ."

"ನಾವು ಅಂತ ಯಾಕೆ, ನಾನು. ಬೆಳಕು ಅಂತಿತ್ತು, ಯಾವ ಬೆಳಕು ಅಂತ ನನಗೆ ಕಾಣ್ಲಿಲ್ಲ."

"ನಮ್ಮ ಪ್ರಧಾನ ಸಂಪಾದಕ ಜ್ಯಾಂಗ್ ಸರ್ ಹೇಳಿದಾರೆ, ಈಗ ಕೊಟ್ಟಿರೋದ್ರಲ್ಲಿ ಇನ್ನೊಂದು ತಪ್ಪು ಬಂದ್ರೆ ಸಾಕು, ಟೀಚರ್‌ಗೆ ವಿಶ್ರಾಂತಿ ಕೊಡೋಣ ಅಂತ. ಓಸಾಕಾದಲ್ಲಿ ಓದಿ ಬಂದ ಹುಡುಗ ಒಬ್ಬ ಇದಾನೆ."

"ವಿಶ್ರಾಂತಿ!" ಟೀಚರ್ ಚೆರ್ರಿಯ ಬೀಜವನ್ನು ಅಂಗೈಗೆ ಉಗುಳಿದರು. "ಅವರಪ್ಪನ ಮನೆ ವಿಶ್ರಾಂತಿ. ತಪ್ಪಿಲ್ದಿದ್ರೆ?"

"ತಪ್ಪಿಲ್ದಿದ್ರೆ ಮುಂದಿನದೂ ನಿಮಗೇ. ಬಾಯಿಬಿಡಿಸಿ ಒಪ್ಪಿಸ್ಕೊಂಡೇ ಬಂದಿದೀನಿ."

ಅವರು ಹೋದ ಮೇಲೆ ಟೀಚರ್ ಬಹಳ ಹೊತ್ತು ಚೆರ್ರಿಯ ತೊಟ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತ ಕೂತರು. ಒಂದೊಂದನ್ನೂ ಬೆರಳಿನಲ್ಲಿ ಮುಟ್ಟಿ ನೇರ ಮಾಡುತ್ತಿದ್ದರು.

ಆ ಪುಸ್ತಕದ ಹೆಸರು 'ಬೆಟ್ಟದ ಬಸ್ಸಿನ ಅಜ್ಜಿ'. ಜಪಾನಿನ ಯಾವುದೋ ಕಡಲೂರಿನಲ್ಲಿ ಒಬ್ಬಳು ಹುಡುಗಿ ಬಸ್ ಸ್ಟಾಪಿನಲ್ಲಿ ಕಾಯುತ್ತಾಳೆ. ಬೆಟ್ಟದ ಮೇಲಿಂದ ಅಜ್ಜಿ ಬರುತ್ತಾಳೆ, ಬಟ್ಟೆಯಲ್ಲಿ ಕಟ್ಟಿದ ಕಲ್ಲಂಗಡಿ ತರುತ್ತಾಳೆ. ಬಾವಿಯಲ್ಲಿ ಹಣ್ಣು ತಣ್ಣಗಾಗುತ್ತದೆ, ಇಬ್ಬರೂ ತಿನ್ನುತ್ತಾರೆ, ಸಂಜೆಯ ಬಸ್ಸಿಗೆ ಅಜ್ಜಿ ಹೊರಡುತ್ತಾಳೆ. ಅಷ್ಟೇ. ಒಂದು ಪುಟದಲ್ಲಿ ಎರಡು ಸಾಲಿಗಿಂತ ಹೆಚ್ಚಿಲ್ಲ. ಅದಕ್ಕೆ ಇಡೀ ಬೇಸಿಗೆ ಹಿಡಿಯಿತು.

ನಾನು ಚಿತ್ರ ಹೇಳುತ್ತಿದ್ದೆ: ಮೇಲಿನ ಮೂಲೆಯಿಂದ ಶುರುಮಾಡಿ, ಏನೂ ಬಿಡದೆ. ಎಡ ಬಲ ಹೇಳುವಾಗ ನೋಡುವವರ ಎಡಬಲ ಅಲ್ಲ, ಚಿತ್ರದಲ್ಲಿರುವವರದು. ಅದು ಅವರ ಕಟ್ಟುನಿಟ್ಟು. ಬಟ್ಟೆಯ ಗೆರೆ, ಗುಂಡಿ, ಮಡಿಕೆ, ಮೋಡ, ಬೆಕ್ಕಿನ ಬಾಲ ಎಲ್ಲವನ್ನೂ ಹೇಳಬೇಕು. ಕೇಳಿಸಿಕೊಂಡ ಮೇಲೆ ಅವರು ವಾಕ್ಯ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಕೀಳುತ್ತಿದ್ದರು.

"ಭಾರವಾದ ಹಸಿರು ಕಲ್ಲಂಗಡಿ ಹೊತ್ತು ಅಜ್ಜಿ ಬಂದಳು. ಹಸಿರು ಅನ್ನೋದು ಚಿತ್ರದಲ್ಲಿ ಇದೆಯಾ?"

"ಇದೆ. ಗಂಟಿನ ಸಂದಿಯಲ್ಲಿ ಕಾಣ್ತಿದೆ."

"ಭಾರ?"

"ಅಜ್ಜಿಯ ಬಲಭುಜ ಕೆಳಗೆ ಜಗ್ಗಿದೆ."

"ಹಾಗಿದ್ರೆ ಭಾರಾನೂ ಇದೆ. ಎರಡನ್ನೂ ತೆಗಿ. ಅಜ್ಜಿ ಬಂದಳು. ಸಾಕು, ಮಿಕ್ಕಿದ್ದು ಮಗು ನೋಡ್ಕೊಳುತ್ತೆ."

ನಮ್ಮ ಕಡೆ ಅಮ್ಮಂದಿರಿಗೆ ಇದು ಹಿಡಿಸುವುದಿಲ್ಲ. ಪುಸ್ತಕಕ್ಕೆ ದುಡ್ಡು ಕೊಟ್ಟ ಮೇಲೆ ಅದರಲ್ಲಿ ಪರೀಕ್ಷೆಯ ಪ್ರಬಂಧಕ್ಕಾಗುವಂಥ ಚೆಂದದ ಪದಗಳು ತುಂಬಿರಬೇಕು. ಯಾನ್ ಅಕ್ಕ ಫೋನಿನಲ್ಲಿ, "ಒಂದಾದ್ರೂ ಅಲಂಕಾರ ಹಾಕಿ ಟೀಚರ್, ನನ್ನ ಮುಖ ನೋಡಿ," ಎಂದು ಗೋಗರೆದರು. "ನಿನ್ನ ಮುಖ ನನಗೆ ಕಾಣಲ್ಲವಲ್ಲ ಮಗಳೇ," ಎಂದು ಟೀಚರ್ ಫೋನ್ ಇಟ್ಟುಬಿಟ್ಟರು.

ಹಣ್ಣು ಬಾವಿಗೆ ಬೀಳುವ ಸದ್ದಿಗಾಗಿ ಎರಡು ಕಲ್ಲಂಗಡಿ ತರಿಸಿದರು. ಸ್ನಾನದ ಮನೆಯ ದೊಡ್ಡ ಬಾನಿಗೆ ನೀರು ತುಂಬಿಸಿ ನಾನು ಮೇಲಿಂದ ಬಿಡಬೇಕು, ಅವರು ಬಾಗಿಲಾಚೆ ನಿಂತು ಕೇಳಬೇಕು. ಮೊದಲನೆಯದು ಬಾನಿಯ ಅಂಚಿಗೆ ಬಡಿದು ಒಡೆಯಿತು. ನೆನೆದ ಬಟ್ಟೆಯಲ್ಲೇ ನಿಂತು ನಾವಿಬ್ಬರೂ ಅದನ್ನು ತಿಂದೆವು. ಎರಡನೆಯದರ ಸದ್ದು ಪುಸ್ತಕಕ್ಕೆ ಹೋಯಿತು.

ಮಳೆ ನಿಂತ ಮೇಲೆ ಪುಟ ಜೋಡಿಸಿದ ಕರಡುಪ್ರತಿ ಬಂತು. ನಾನು ಎಂದಿನಂತೆ ಮೊದಲ ಪುಟದಿಂದ ಹೇಳಲು ಶುರುಮಾಡಿದೆ. ಮೊದಲ ಚಿತ್ರದಲ್ಲೇ ತಡವರಿಸಿದೆ. "ಬಸ್ಸು ಈ ಕಡೆಯಿಂದ ಬರ್ತಿದೆ ಟೀಚರ್. ಮೊದಲು ಆ ಕಡೆಯಿಂದ ಬರ್ತಿತ್ತು."

"ಮಗುಚಿದಾರೆ," ಎಂದರು ಅವರು, ಗಾಬರಿಯಿಲ್ಲದೆ. "ಮಾಡ್ತಾರೆ. ಜಪಾನಿನ ಪುಸ್ತಕದಲ್ಲಿ ಅಕ್ಷರ ಮೇಲಿಂದ ಕೆಳಕ್ಕೆ ಇಳೀತವೆ, ಪುಸ್ತಕ ಬಲದಿಂದ ತೆರೆಯುತ್ತೆ. ನಮ್ಮದು ಈಗ ಅಡ್ಡ ಸಾಲು, ಎಡದಿಂದ ತೆರೀಬೇಕು. ಅದಕ್ಕೇ ಚಿತ್ರಾನ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿಬಿಡ್ತಾರೆ. ಬಸ್ಸಿನ ಬೋರ್ಡು?"

"ಹೊಸದಾಗಿ ಬರ್ದಿದಾರೆ. ಸರಿ ಇದೆ."

"ಗೋಡೆ ಗಡಿಯಾರ?"

"ಅಂಕಿ ಸರಿ ಇವೆ."

"ಅಜ್ಜಿ ಕೈ?"

"ಎಡಗೈಲಿ ಗಂಟಿದೆ. ಕಥೇಲೂ ಎಡಗೈ ಅಂತ ತಿದ್ದಿದಾರೆ."

"ಯಾನ್ ಜಾಣೆ. ಮುಂದೆ?"

"ಅಜ್ಜಿ ಬಸ್ಸಿಂದ ಇಳೀತಿದಾಳೆ. ನೀಲಿ ಗೆರೆ ಕಿಮೋನೊ. ಎದೆ ಹತ್ರ ಬಲಗಡೆ ಮಡಿಕೆ ಮೇಲಿದೆ, ಎಡಗಡೆದು ಕೆಳಗೆ ಹೋಗಿದೆ. ಸೊಂಟದಲ್ಲಿ ಕಂದು ಪಟ್ಟಿ..."

"ನಿಲ್ಲು."

ಟೀಚರ್ ಕೈ ತಮ್ಮದೇ ಎದೆಯ ಮೇಲೆ ಹೋಯಿತು. ಮನೆಯಲ್ಲಿ ಅವರು ಹಳೆಯ ಕಾಲದ ಅಡ್ಡಮಡಿಕೆಯ ಅಂಗಿಯನ್ನೇ ತೊಡುತ್ತಿದ್ದರು. ಎಡಮಡಿಕೆಯನ್ನು ಮುಟ್ಟಿ, ಅದು ಬಲಕ್ಕೆ ಬಂದು ಸೇರುವ ಗುಂಡಿಯ ತನಕ ಬೆರಳಾಡಿಸಿದರು. "ಬಲಗಡೆದು ಮೇಲಿದೆ ಅಂದ್ಯಾ? ಮುಂಚೆ ಎಡಗಡೆದು ಅಂದಿದ್ದೆ."

"ಮುಂಚೆ ಎಡ. ಈಗ ಬಲ. ಎಲ್ಲಾ ಪುಟದಲ್ಲೂ ಬಲ."

ಟೀಚರ್ ಕುರ್ಚಿಗೆ ಒರಗಿದರು. "ಅಯ್ಯೋ ದೇವರೇ. ಅಜ್ಜಿಗೆ ಹೆಣದ ಬಟ್ಟೆ ಉಡಿಸಿಬಿಟ್ಟಿದಾರೆ."

ಆಗ ನನಗೂ ತಿಳಿಯಿತು. ನಮ್ಮ ಅಜ್ಜ ಸತ್ತಾಗ ದೊಡ್ಡಮ್ಮಂದಿರು ಅಂಗಿಯನ್ನು ತಿರುಗುಮುರುಗಾಗಿ ಮಡಿಸಿ ಕಟ್ಟಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಬದುಕಿದವರಿಗೆ ಎಡಮಡಿಕೆ ಮೇಲೆ, ಸತ್ತವರಿಗೆ ಬಲಮಡಿಕೆ. ನಮ್ಮಲ್ಲೂ ಹಾಗೇ, ಜಪಾನಿನಲ್ಲೂ ಹಾಗೇ. ಬಸ್ಸಿನಿಂದ ನಗುನಗುತ್ತ ಇಳಿಯುವ ಅಜ್ಜಿ ಪ್ರತಿ ಪುಟದಲ್ಲೂ ಮಸಣಕ್ಕೆ ಹೊರಟವಳ ಹಾಗೆ ಉಟ್ಟಿದ್ದಳು.

"ಇದು ನಿಮ್ಮ ತಪ್ಪಲ್ಲ ಟೀಚರ್," ಎಂದೆ. "ಮಾತಲ್ಲಿ ಒಂದು ತಪ್ಪೂ ಇಲ್ಲ."

"ಗೊತ್ತು. ಸುಮ್ಮನಿದ್ರೆ ಮುಂದಿನ ಪುಸ್ತಕ ನನಗೇ ಬರುತ್ತೆ. ಬಾಯಿಬಿಟ್ರೆ ಅಚ್ಚು ನಿಲ್ಲುತ್ತೆ, ಮುದುಕಿ ರಗಳೆ ಅಂತಾರೆ." ಎದೆಯ ಮಡಿಕೆಯನ್ನು ಮತ್ತೊಮ್ಮೆ ಸವರಿದರು. "ಇಷ್ಟು ವರ್ಷ ಮಕ್ಕಳ ಮುಂದೆ ನಿಂತು ಕಥೆ ಹೇಳಿದ್ದೀನಿ. ಸತ್ತ ಅಜ್ಜೀನ ಕರ್ಕೊಂಡು ಹೋಗಿ ಅವರ ಮುಂದೆ ನಿಲ್ಲಿಸಲಾ? ಫೋನ್ ತಗೊಂಡು ಬಾ."

ಪ್ರಧಾನ ಸಂಪಾದಕ ಜ್ಯಾಂಗ್ ಅವರ ದನಿ ಫೋನಿನಿಂದ ಕೋಣೆಯೆಲ್ಲ ಕೇಳುತ್ತಿತ್ತು. "ಬರೀ ಒಂದು ಮಡಿಕೆ ಟೀಚರ್! ಯಾವ ಮಗು ನೋಡುತ್ತೆ?"

"ಮಗುವನ್ನ ತೊಡೆ ಮೇಲೆ ಕೂರಿಸ್ಕೊಂಡಿರೋ ಅಜ್ಜಿ ನೋಡ್ತಾಳೆ."

"ತಿರುಗಿಸೋಕೆ ಜಪಾನಿನವರೂ ಒಪ್ಪಿದಾರೆ."

"ಕನ್ನಡಿ ಹಿಡ್ಕೊಂಡು ನೋಡಿ ಒಪ್ಪಿದ್ರಾ? ಜ್ಯಾಂಗ್, ನಿಮ್ಮಮ್ಮನಿಗೆ ಕೊನೇಲಿ ಬಟ್ಟೆ ಉಡಿಸಿದ್ದು ಯಾರು?"

"ಚಿಕ್ಕಮ್ಮ," ಎಂದರು ಜ್ಯಾಂಗ್, ದನಿ ಇಳಿಸಿ.

"ಹಾಂ. ನಾನು ಹೇಳೋದು ಅಷ್ಟೇ."

"ಸರಿ, ಕಂಪ್ಯೂಟರಿನಲ್ಲಿ ಕೊರಳ ಮಡಿಕೆ ಮಾತ್ರ ತಿದ್ದಿಸೋಣ."

"ಗೆರೆ ಬಟ್ಟೆ ಅದು. ಗೆರೆ ಮುರಿದು ಅಜ್ಜಿಗೆ ತೇಪೆ ಹಾಕಿದ ಹಾಗಾಗುತ್ತೆ. ಪುಸ್ತಕ ಹುಟ್ಟಿದ ಹಾಗೇ ಇರ್ಲಿ. ಅಕ್ಷರ ಮೇಲಿಂದ ಇಳಿಯಲಿ, ಬಲದಿಂದ ತೆರೆಯಲಿ. ನಮ್ಮ ತಾತಂದಿರು ಹಾಗೇ ಓದ್ತಿರ್ಲಿಲ್ವಾ?"

"ತಾತಂದಿರು ದುಡ್ಡು ಕೊಟ್ಟು ಕೊಳ್ಳಲ್ಲ ಟೀಚರ್, ಅಮ್ಮಂದಿರು ಕೊಳ್ತಾರೆ. ಬೈಂಡಿಂಗ್ ತಪ್ಪಾಗಿದೆ ಅಂತ ವಾಪಸ್ ತರ್ತಾರೆ. ಮಕ್ಕಳು ಕೂರೋದೇ ಇಲ್ಲ."

"ಕೂರ್ತಾರೆ."

"ಹಾಗಿದ್ರೆ ಶನಿವಾರ ನಮ್ಮ ಓದುಮನೆಗೆ ಬನ್ನಿ. ಮಕ್ಕಳು ಕೊನೇ ತನಕ ಕೂತ್ರೆ ನೀವು ಹೇಳಿದ ಹಾಗೆ. ಎದ್ದು ಹೋದ್ರೆ ನಾನು ಹೇಳಿದ ಹಾಗೆ. ಆಮೇಲೆ ಬೇಜಾರು ಮಾಡ್ಕೋಬೇಡಿ, ನೀವು ಮನೇಲಿ ಹಾಯಾಗಿರಿ."

ಶನಿವಾರದ ತನಕ ಜಪಾನೀ ಪ್ರತಿಯ ಮೇಲೆಯೇ ಚೀನೀ ಸಾಲುಗಳನ್ನು ನಾನು ಉದ್ದುದ್ದ ಚೀಟಿಯಲ್ಲಿ ಬರೆದು ಅಂಟಿಸಿದೆ. ಟೀಚರ್‌ಗೆ ಮಾತೆಲ್ಲ ಬಾಯಿಪಾಠ. ಪುಟ ತಿರುವುವುದು ನನ್ನ ಕೆಲಸ. ಅವರು ಉಸಿರು ತೆಗೆದುಕೊಳ್ಳುವಾಗ ತಿರುವಬೇಕು. ಮುಂಚೆ ತಿರುವಿದರೆ ಗುಟ್ಟು ಒಡೆಯುತ್ತದೆ, ತಡವಾದರೆ ಮಾತು ಹಳಸುತ್ತದೆ. ಸಂಜೆಗಳಲ್ಲಿ ಅಂಜಲ್ ಮೀನಿನ ಕಡುಬು ಬೇಯಿಸಿಟ್ಟು, ಅದು ಆರುವಷ್ಟು ಹೊತ್ತು ನಾವು ಅಭ್ಯಾಸ ಮಾಡಿದೆವು.

"ಅಷ್ಟು ಜನರ ಮುಂದೆ ನನ್ನಿಂದಾಗಲ್ಲ ಟೀಚರ್."

"ಯಾರೂ ನಿನ್ನ ನೋಡಲ್ಲ. ನೋಡಿದ್ರೆ ಪುಸ್ತಕ ಸೋತ ಹಾಗೆ."

ಓದುಮನೆ ಟ್ರಾಮಿನ ದಾರಿಯಲ್ಲೇ ಇತ್ತು. ಚಾಪೆಯ ಮೇಲೆ ಮಕ್ಕಳು, ಹಿಂದಿನ ಬೆಂಚಿನಲ್ಲಿ ಅವರನ್ನು ಕರೆತಂದ ಅಜ್ಜಿಯರು, ತಾತಂದಿರು. ಸೂರ್ಯಕಾಂತಿ ಬೀಜ ಕಡಿಯುವ ಸದ್ದು. ಬಾಗಿಲ ಬಳಿ ಯಾನ್ ಅಕ್ಕ, ಅವರ ಪಕ್ಕದಲ್ಲಿ ಕೈಕಟ್ಟಿ ನಿಂತ ಜ್ಯಾಂಗ್.

ನಾನು ಪುಸ್ತಕ ಎತ್ತಿ ಹಿಡಿದು ಮೊದಲ ಪುಟ ತೆರೆದೆ. ಮುಂದಿನ ಸಾಲಿನ ದಪ್ಪ ಕೆನ್ನೆಯ ಹುಡುಗ ತಕ್ಷಣ ಕೂಗಿದ: "ಅಕ್ಕಾ, ಹಿಂದಿನಿಂದ ತೆಗೀತಿದೀರಿ!"

ಮಕ್ಕಳೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಜ್ಯಾಂಗ್ ಯಾನ್ ಅಕ್ಕನ ಕಡೆ ನೋಡಿದರು.

ಟೀಚರ್ ಮುಖ ಎತ್ತಿ ಹುಡುಗನ ದನಿ ಬಂದ ಕಡೆ ತಿರುಗಿದರು. "ಬಸ್ಸು ಯಾವ ಕಡೆಯಿಂದ ಬರ್ತಿದೆ? ನನಗೆ ಕಣ್ಣು ಕಾಣಲ್ಲಪ್ಪ, ನೀನೇ ನೋಡಿ ಹೇಳು."

"ಅಲ್ಲಿಂದ!" ಹುಡುಗ ಬಲಗಡೆಗೆ ಕೈ ಚಾಚಿದ.

"ಬಸ್ಸು ಅಲ್ಲಿಂದ ಬರೋವಾಗ ನಾವು ಇಲ್ಲಿಂದ ಶುರುಮಾಡಿದ್ರೆ ಅಜ್ಜೀನ ಇಳಿಸ್ಕೊಳ್ಳೋರು ಯಾರು?"

ಹುಡುಗ ಯೋಚಿಸಿ, "ಹೌದಲ್ಲ!" ಎಂದ. ಮಕ್ಕಳೆಲ್ಲ ಒಟ್ಟಿಗೆ ಬಲಕ್ಕೆ ವಾಲಿ ಬಸ್ಸು ಕಾಯತೊಡಗಿದರು.

ಟೀಚರ್ ಕಥೆ ಶುರುಮಾಡಿದರು. ಪುಟ ತಿರುವುವ ನಡುವೆ ತುಟಿ ಅಲ್ಲಾಡಿಸದೆ ನನ್ನನ್ನು ಕೇಳಿದರು, "ಏನ್ ಮಾಡ್ತಿದಾರೆ?"

"ಇಬ್ಬರು ಚಾಪೆಯಿಂದ ಮುಂದೆ ಜರುಗಿದಾರೆ. ಕೆಂಪು ರಿಬ್ಬನ್ನಿನವಳು ಬಾಯಿ ತೆರೆದಿದಾಳೆ."

ಬಾವಿಯ ಪುಟದಲ್ಲಿ ಕಲ್ಲಂಗಡಿ ನೀರಿಗೆ ಬಿತ್ತು. ಆ ಸದ್ದನ್ನು ಟೀಚರ್ ಹೊಟ್ಟೆಯಿಂದ ಹೊರಡಿಸಿದಾಗ ಬೆಂಚಿನಲ್ಲಿ ಬೀಜ ಕಡಿಯುವುದು ನಿಂತಿತು. "ಇನ್ನೊಂದ್ಸಲ!" ಎಂದವು ಮಕ್ಕಳು. ಅವರು ಇನ್ನೊಮ್ಮೆ ಬೀಳಿಸಿದರು.

ಅಷ್ಟರಲ್ಲಿ ದಪ್ಪ ಕೆನ್ನೆಯ ಹುಡುಗ ಎದ್ದುಬಿಟ್ಟ.

"ಒಬ್ಬ ಎದ್ದ ಟೀಚರ್," ನಾನು ಪಿಸುಗುಟ್ಟಿದೆ. "ಹಿಂದಕ್ಕೆ ಹೋಗ್ತಿದಾನೆ."

ಟೀಚರ್ ದನಿ ನಡುಗಲಿಲ್ಲ. ಆದರೆ ಮೊಣಕಾಲ ಮೇಲಿದ್ದ ಅವರ ಬೆರಳುಗಳು ಬಟ್ಟೆಯನ್ನು ಹಿಂಡಿ ಹಿಡಿದವು.

"ಬೆಂಚಿನ ಹತ್ರ ನಿಂತ. ಅವನಜ್ಜಿ ಕೈ ಹಿಡ್ಕೊಂಡು ಎಳೀತಿದಾನೆ. ಬರ್ತಿದಾರೆ. ಅವರನ್ನೂ ಚಾಪೆ ಮೇಲೆ ಕೂರಿಸ್ದ."

ಬೆರಳುಗಳು ಬಟ್ಟೆಯನ್ನು ಬಿಟ್ಟವು.

ಕೊನೆಯ ಚಿತ್ರದ ಎರಡು ಪುಟಕ್ಕೆ ಮಾತಿಲ್ಲ. ಸಂಜೆಯ ಬಸ್ಸು ಬೆಟ್ಟ ಹತ್ತುತ್ತಿದೆ, ಕಿಟಕಿಯಲ್ಲಿ ಒಂದು ಚಿಕ್ಕ ಕೈ. ಹುಡುಗಿಯ ಮಡಿಲಲ್ಲಿ ಕಲ್ಲಂಗಡಿ ಕಟ್ಟಿದ್ದ ಬಟ್ಟೆ, ನಾಲ್ಕು ಮೂಲೆ ಸೇರಿಸಿ ಮಡಚಿದ್ದು. ಅಲ್ಲಿ ಒಂದು ಸಾಲಾದರೂ ಸೇರಿಸಿ ಎಂದು ಯಾನ್ ಅಕ್ಕ ಕೇಳಿದ್ದರು. ಟೀಚರ್ ಸೇರಿಸಿರಲಿಲ್ಲ. ಈಗ ಅವರು ಮಾತು ನಿಲ್ಲಿಸಿ ಸುಮ್ಮನೆ ಕೂತರು. ನಾನು ಪುಸ್ತಕ ಎತ್ತಿ ಹಿಡಿದೇ ಇದ್ದೆ. ತೋಳು ನೋಯುತ್ತಿತ್ತು. ಹೊರಗೆ ಟ್ರಾಮು ಹೋದದ್ದು ಕೇಳಿಸಿತು.

"ಅಜ್ಜಿ ಟಾಟಾ ಮಾಡ್ತಿದಾಳೆ," ಎಂದಳು ಕೆಂಪು ರಿಬ್ಬನ್ನಿನ ಹುಡುಗಿ, ಯಾರಿಗೂ ಅಲ್ಲದ ಹಾಗೆ. ತಾನೂ ಕೈ ಎತ್ತಿ ಬೀಸಿದಳು. ಪಕ್ಕದವಳು ಬೀಸಿದಳು. ಆಮೇಲೆ ಚಾಪೆಯ ತುಂಬ ಕೈಗಳು.

"ಟೀಚರ್," ಎಂದೆ, "ಎಲ್ಲರೂ ಕೈ ಬೀಸ್ತಿದಾರೆ. ಬೆಂಚಿನವರೂ."

ಅವರು ಬೆನ್ನು ನೆಟ್ಟಗೆ ಮಾಡಿ ಕೂತರು. ಆಗ ಅವರ ಮುಖ ನೋಡಬೇಕಿತ್ತು.

ನಾನು ಪುಸ್ತಕ ಕೆಳಗಿಟ್ಟದ್ದೇ ತಡ, ದಪ್ಪ ಕೆನ್ನೆಯವನು ಅದನ್ನು ಕಿತ್ತುಕೊಂಡು ಅಜ್ಜಿಯ ತೊಡೆಯೇರಿದ. ಯಾರೂ ಹೇಳಿಕೊಡದೆ ಬಲದಿಂದಲೇ ತೆರೆದ. ಅವನಜ್ಜಿ ಎಡದಿಂದ ತೆರೆಯಲು ಹೋದಾಗ ಕೈಗೆ ಒಂದು ಪೆಟ್ಟು ಕೊಟ್ಟ: "ಅಲ್ಲಿಂದಲ್ಲಜ್ಜೀ! ಬಸ್ಸು ಬರೋದು ಇಲ್ಲಿಂದ!"

ಜ್ಯಾಂಗ್ ಕಟ್ಟಿದ ಕೈ ಬಿಚ್ಚಿ ಹತ್ತಿರ ಬಂದರು. ಹೇಳಬೇಕಾದ್ದನ್ನು ಯಾನ್ ಅಕ್ಕನಿಗೆ ಹೇಳಿದರು. "ಅಚ್ಚಿನವರಿಗೆ ಫೋನ್ ಮಾಡು. ಚಿತ್ರ ಇದ್ದ ಹಾಗೇ ಇರ್ಲಿ, ಬೈಂಡಿಂಗ್ ಬಲಕ್ಕೆ." ಆಮೇಲೆ ಟೀಚರ್ ಕಡೆ ತಿರುಗಿದರು. "ಮುಂದಿನದು ದೊಡ್ಡ ಪುಸ್ತಕ ಟೀಚರ್. ಹಡಗು, ಬಂದರು, ಮೀನುಪೇಟೆ. ಚಿತ್ರದಲ್ಲಿ ಜನವೋ ಜನ."

"ಕಳಿಸಿ. ಆದ್ರೆ ಈ ಪುಸ್ತಕದ ಒಳಪುಟದಲ್ಲಿ ನನ್ನ ಹೆಸರಿನ ಪಕ್ಕ ಇವಳ ಹೆಸರೂ ಇರ್ಬೇಕು. ಸುಯ್ ಪಿಂಗ್, ಚಿತ್ರ ಹೇಳಿದವಳು."

"ಅಂಥಾ ಹುದ್ದೆ ಯಾವ ಪುಸ್ತಕದಲ್ಲೂ ಇಲ್ಲ ಟೀಚರ್."

"ಇದ್ರಲ್ಲಿ ಇರುತ್ತೆ."

ಜ್ಯಾಂಗ್ ನಕ್ಕುಬಿಟ್ಟರು. ನಾನು ಎತ್ತ ನೋಡಬೇಕೆಂದು ತಿಳಿಯದೆ ಚಾಪೆಯ ಅಂಚು ಸರಿಮಾಡಿದೆ.

ಚಳಿ ಶುರುವಾಗುವ ಹೊತ್ತಿಗೆ ಪುಸ್ತಕ ಅಂಗಡಿಗೆ ಬಂತು. ಟೀಚರ್ ಕೈ ಹಿಡಿದು ನಾನು ದೊಡ್ಡ ಪುಸ್ತಕದಂಗಡಿಗೆ ಹೋದೆ. ಅಮ್ಮನೂ ವ್ಯಾಪಾರ ಬಿಟ್ಟು ಬಂದಿದ್ದಳು, ಹೊಸ ಕೋಟು ತೊಟ್ಟು. ಮಕ್ಕಳ ವಿಭಾಗದ ನಡುವಿನ ಮೇಜಿನ ಮೇಲೆ ರಾಶಿ ಕಂಡಿತು. ಅಂಗಡಿಯವಳು ಅಭ್ಯಾಸದಂತೆ ಪುಸ್ತಕದ ಬೆನ್ನು ಎಡಕ್ಕೆ ಬರುವ ಹಾಗೆ ಜೋಡಿಸಿದ್ದಳು. ಹೀಗಾಗಿ ಎಲ್ಲವೂ ಕವುಚಿ ಬಿದ್ದು, ಹಿಂಬದಿಯ ಖಾಲಿ ರಸ್ತೆ ಮಾತ್ರ ಕಾಣುತ್ತಿತ್ತು. ನಾನು ಒಂದೊಂದಾಗಿ ತಿರುಗಿಸತೊಡಗಿದೆ. ಬಸ್ಸೂ ಅಜ್ಜಿಯೂ ಮೇಲೆ ಬಂದರು.

"ಏಯ್, ಏನ್ ಮಾಡ್ತಿದೀಯಮ್ಮ?" ಅಂಗಡಿಯವಳು ಓಡಿಬಂದಳು.

"ಇದು ಬಲದಿಂದ ತೆರೆಯೋ ಪುಸ್ತಕ," ಎಂದೆ. ನನ್ನ ದನಿ ಅಂಗಡಿಯ ಆ ಕೊನೆಗೂ ಕೇಳಿಸಿದ್ದು ನನಗೇ ಗೊತ್ತಾಯಿತು. "ಇವರು ಲುವಾನ್ ಟೀಚರ್. ಇದನ್ನ ನಮ್ಮ ಮಾತಿಗೆ ತಂದವರು. ಚಿತ್ರ ಹೇಳಿದ್ದು ನಾನು."

ಅಂಗಡಿಯವಳು ನಮ್ಮಿಬ್ಬರನ್ನೂ ನೋಡಿದಳು. ಪೆನ್ನು ತಂದಳು. "ಒಂದು ಸಹಿ ಹಾಕಿಕೊಡಿ ಟೀಚರ್, ನನ್ನ ಮಗಳಿಗೆ."

ನಮ್ಮಿಬ್ಬರ ಹೆಸರೂ ಅಚ್ಚಾಗಿದ್ದ ಒಳಪುಟದಲ್ಲಿ ಜಾಗ ತೋರಿಸಲು ನಾನು ಬೆರಳಿಟ್ಟೆ. ಟೀಚರ್ ಪೆನ್ನನ್ನು ಬೆರಳಿನ ಪಕ್ಕದಿಂದ ಮೇಲಿಂದ ಕೆಳಕ್ಕೆ ಇಳಿಸಿ ಹೆಸರು ಬರೆದರು, ಸ್ವಲ್ಪವೂ ಸೊಟ್ಟಗಾಗದಂತೆ. ಆಮೇಲೆ ಪೆನ್ನನ್ನು ನನ್ನ ಕೈಗಿಟ್ಟರು.

"ಬರಿ," ಎಂದಳು ಅಮ್ಮ ಹಿಂದಿನಿಂದ. "ದೊಡ್ಡದಾಗಿ ಬರಿ."

ನಾನು ದೊಡ್ಡದಾಗಿ ಬರೆದೆ.